ಊರಿನ ಸಂಸ್ಥೆಗೆ ಕಾಲೇಜು ಮಕ್ಕಳ ಕಾರ್ಯಕ್ರಮ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಉತ್ತರ ಕನ್ನಡ ಜಿಲ್ಲೆಯ ಪದವಿ ಕಾಲೇಜಿನ ಮಕ್ಕಳು ಊರಿನ ಸಂಘ-ಸಂಸ್ಥೆಗಳ ಜೊತೆ ಸೇರಿ ಕಾರ್ಯಕ್ರಮ ಮಾಡುತ್ತಾರೆ. ಮಹಿಳಾ ಸಂಘದ ಮಾರಾಟ ಮೇಳ, ರಕ್ತದಾನ ಶಿಬಿರ, ಕಡಲತೀರದ ಸ್ವಚ್ಛತೆ, ಸಹಕಾರಿ ಸಂಘದ ಮಾಹಿತಿ ಸಭೆ, ಹೀಗೆ. ಈ ಕೆಲಸದ ಉಸ್ತುವಾರಿ ನೋಡಿಕೊಳ್ಳುವ ಉಪನ್ಯಾಸಕಿಯಾಗಿ ನನಗೆ ಪ್ರತಿ ವರ್ಷ ಅವೇ ಪ್ರಶ್ನೆಗಳು ಬರುತ್ತವೆ. ಹೆಚ್ಚಿನವು ವಿದ್ಯಾರ್ಥಿಗಳವು, ಕೆಲವು ಪಾಲಕರವು, ಇನ್ನು ಕೆಲವು ಸಂಸ್ಥೆಯವರವು. ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಶುರು ಮಾಡುವ ಮೊದಲು

ಮೇಡಂ, ಇದು ಕಾಲೇಜಿನ ಕಾರ್ಯಕ್ರಮವೋ, ಸಂಸ್ಥೆಯದೋ?

ಸಂಸ್ಥೆಯದು. ಬ್ಯಾನರ್‌ನಲ್ಲಿ ಮೊದಲು ಅವರ ಹೆಸರು, ಆಮೇಲೆ ಕಾಲೇಜಿನದು. ಕಾಲೇಜ್ ಡೇ ಮಾಡಿ ಅಭ್ಯಾಸ ಆದವರಿಗೆ ಇದು ಮೊದಮೊದಲು ಒಗ್ಗುವುದಿಲ್ಲ. ಅಲ್ಲಿ ಚಪ್ಪಾಳೆ ಬಿದ್ದರೆ ಕೆಲಸ ಮುಗಿಯಿತು. ಇಲ್ಲಿ ಮರುದಿನ ಬೆಳಿಗ್ಗೆ ಸಂಸ್ಥೆಯ ಕೈಯಲ್ಲಿ ಏನು ಉಳಿದಿದೆ ಎಂದು ನೋಡಬೇಕು. ರಕ್ತ ಕೊಡಲು ಒಪ್ಪಿದವರ ಪಟ್ಟಿ ಇರಬಹುದು, ಉಪ್ಪಿನಕಾಯಿಗೆ ನಾಲ್ಕು ಅಂಗಡಿಯ ಗಿರಾಕಿ ಇರಬಹುದು, ಸಂಘಕ್ಕೆ ಹೊಸ ಸದಸ್ಯರ ಅರ್ಜಿ ಇರಬಹುದು. ಏನೂ ಉಳಿಯದಿದ್ದರೆ ಅವರ ಹೆಸರಿನಲ್ಲಿ ನಾವು ಒಂದು ದಿನ ಸಂಭ್ರಮ ಮಾಡಿಕೊಂಡೆವು ಅಷ್ಟೇ.

ನಮ್ಮೂರಲ್ಲಿ ದೊಡ್ಡ ಕಂಪನಿಗಳೇ ಇಲ್ವಲ್ಲ, ಸಂಸ್ಥೆ ಎಲ್ಲಿಂದ ತರೋದು?

ಸಂಸ್ಥೆ ಅಂದರೆ ಕಂಪನಿ ಎಂದುಕೊಳ್ಳುವುದು ಬೇಡ. ಸಿರಸಿಯಲ್ಲಿ 1923ರಲ್ಲಿ ಶುರುವಾದ ತೋಟಗಾರ್ಸ್ ಸೊಸೈಟಿ ಇದೆ. ಜಿಲ್ಲೆಯ ಹಳ್ಳಿಗಳಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿವೆ. ಕಾರವಾರ, ಅಂಕೋಲಾ, ಹೊನ್ನಾವರ, ಭಟ್ಕಳದಲ್ಲಿ ಮೀನುಗಾರರ ಸಹಕಾರಿ ಸಂಘಗಳಿವೆ. ಸ್ತ್ರೀಶಕ್ತಿ ಮತ್ತು ಸಂಜೀವಿನಿ ಗುಂಪುಗಳು, ಗ್ರಂಥಾಲಯ, ಸರ್ಕಾರಿ ಶಾಲೆಯ ಎಸ್‌ಡಿಎಂಸಿ, ಯುವಕ ಸಂಘ, ರೋಟರಿ, ಲಯನ್ಸ್, ಅರಣ್ಯ ಇಲಾಖೆ, ಹೀಗೆ ಪಟ್ಟಿ ಉದ್ದ ಇದೆ.

ನನ್ನ ಸಲಹೆ ಕೇಳಿದರೆ ಚಿಕ್ಕ ಸಂಸ್ಥೆಯನ್ನೇ ಹಿಡಿಯಿರಿ. ದೊಡ್ಡ ಕಡೆ ನಿಮಗೆ ಸಿಗುವುದು ಕುರ್ಚಿ ಜೋಡಿಸುವ ಕೆಲಸ. ಹತ್ತು-ಹದಿನೈದು ಹೆಂಗಸರ ಗುಂಪಿನ ಜೊತೆ ಕೂತರೆ ಲೆಕ್ಕ, ಪ್ರಚಾರ, ಜಾಗ, ಊಟ ಎಲ್ಲವನ್ನೂ ನೀವೇ ನೋಡಬೇಕಾಗುತ್ತದೆ. ಕಲಿಯುವುದು ಅಲ್ಲಿ.

ಇದಕ್ಕೆ ಮಾರ್ಕ್ಸ್ ಉಂಟಾ? ಎನ್‌ಎಸ್‌ಎಸ್‌ನಲ್ಲಿ ಇದ್ದವರೂ ಮಾಡ್ಬೇಕಾ?

ಮಾರ್ಕ್ಸ್ ನಿಮ್ಮ ಕೋರ್ಸ್ ಮತ್ತು ಕಾಲೇಜಿನ ಮೇಲೆ ಹೋಗುತ್ತದೆ. ವಿಭಾಗದಲ್ಲಿ ಕೇಳಿ. ಎನ್‌ಎಸ್‌ಎಸ್ ಬೇರೆ. ಅಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಮತ್ತು ಏಳು ದಿನದ ವಿಶೇಷ ಶಿಬಿರ ಇರುತ್ತದೆ. ಎರಡನ್ನೂ ಒಂದೇ ದಿನಕ್ಕೆ ಹೊಂದಿಸಬಹುದು, ಆದರೆ ಕಾರ್ಯಕ್ರಮಾಧಿಕಾರಿಯ ಒಪ್ಪಿಗೆ ಮೊದಲೇ ಪಡೆಯಿರಿ. ಮುಗಿದ ಮೇಲೆ ಹೋಗಿ ಗಂಟೆ ಕೇಳಿದರೆ ಯಾರೂ ಕೊಡುವುದಿಲ್ಲ.

ಮೊದಲ ಸಲ ಭೇಟಿಗೆ ಹೋದಾಗ ಎಂತ ಕೇಳೋದು?

ಹೆಚ್ಚಿನವರು ಹೋದ ತಕ್ಷಣ "ನಾವು ಒಂದು ಕಾರ್ಯಕ್ರಮ ಮಾಡ್ತೇವೆ, ಯಾವ ದಿನ ಆಗ್ತದೆ?" ಎಂದು ಶುರು ಮಾಡುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಎದುರಿನವರು ಸಂಕೋಚಕ್ಕೆ ಒಂದು ದಿನ ಹೇಳುತ್ತಾರೆ, ನೀವು ಖುಷಿಯಿಂದ ವಾಪಸ್ ಬರುತ್ತೀರಿ. ಅವರಿಗೆ ಏನು ಬೇಕಿತ್ತು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ಬದಲಿಗೆ ಅವರ ಕೆಲಸದ ಬಗ್ಗೆ ಕೇಳಿ. ಈ ವರ್ಷ ಯಾವ ಕೆಲಸ ನಿಂತಿದೆ? ಹೋದ ಸಲ ಕಾರ್ಯಕ್ರಮ ಮಾಡಿದಾಗ ಯಾರು ಬಂದರು, ಯಾರು ಬರಲಿಲ್ಲ? ಬರಬೇಕಾದವರು ಯಾವ ಹೊತ್ತಿಗೆ ಬಿಡುವಾಗಿರುತ್ತಾರೆ? ಮೀನು ಮಾರುವ ಹೆಂಗಸರಿಗೆ ಬೆಳಿಗ್ಗೆ ಹತ್ತು ಗಂಟೆಯ ಸಭೆ ಇಟ್ಟರೆ ಬರುವುದು ಖಾಲಿ ಕುರ್ಚಿ. ಅಘನಾಶಿನಿ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರಿಗೆ ಗಡಿಯಾರಕ್ಕಿಂತ ನೀರಿನ ಇಳಿತ ಮುಖ್ಯ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ವಾರ ಅನುಕೂಲವಾದ ಹೊತ್ತು ಮುಂದಿನ ವಾರ ಆಗದೇ ಇರಬಹುದು.

ಇಬ್ಬರೇ ಹೋಗಿ, ಎಂಟು ಜನ ಬೇಡ. ಒಬ್ಬರು ಮಾತಾಡಿ, ಇನ್ನೊಬ್ಬರು ಬರೆದುಕೊಳ್ಳಿ. ಹಿರಿಯರಿದ್ದರೆ ಬಹುವಚನ ತಪ್ಪಬೇಡಿ. ಕೊಂಕಣಿ ಮಾತಾಡುವ ಮನೆಗಳಿಗೆ ಹೋಗುವುದಿದ್ದರೆ ಕೊಂಕಣಿ ಬರುವ ಗೆಳತಿಯನ್ನು ಕರೆದುಕೊಂಡು ಹೋಗಿ. ಕಾರವಾರ ಕಡೆ ಕೆಲಸ ಅರ್ಧ ಹಗುರಾಗುತ್ತದೆ.

ಮಗಳನ್ನ ಸಂಜೆ ತನಕ ಉಳಿಸ್ಕೊಂಡ್ರೆ ಬಸ್ ತಪ್ಪೋದಿಲ್ವಾ ಮೇಡಂ?

ತಪ್ಪುತ್ತದೆ. ಅದಕ್ಕೇ ಊರಿನ ಕೊನೆಯ ಬಸ್ ಯಾವುದು ಎಂಬುದನ್ನು ಹಾಜರಿ ಪಟ್ಟಿಯಲ್ಲೇ ಬರೆಸಿಕೊಳ್ಳುತ್ತೇವೆ. ಯಾರ ಬಸ್ ಬೇಗ ಇದೆಯೋ ಅವರಿಗೆ ಬೆಳಗಿನ ಪಾಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ ಖರ್ಚಿಲ್ಲ, ಗುರುತಿನ ಚೀಟಿ ಇದ್ದರಾಯಿತು. ಆದರೆ ಖರ್ಚಿಲ್ಲ ಅಂದಮಾತ್ರಕ್ಕೆ ಕತ್ತಲಲ್ಲಿ ಘಟ್ಟದ ಊರಿಗೆ ಬಸ್ ಹುಟ್ಟುವುದಿಲ್ಲವಲ್ಲ. ಸಂಜೆ ಆರು ದಾಟುವ ಕಾರ್ಯಕ್ರಮವಾದರೆ ವಾಪಸ್ ಹೋಗುವ ಗಾಡಿಯ ಖರ್ಚನ್ನು ಬಜೆಟ್‌ನಲ್ಲಿ ಮೊದಲ ಸಾಲಿನಲ್ಲೇ ಹಾಕಬೇಕು. ಜೊತೆಗೆ ಒಬ್ಬ ಉಪನ್ಯಾಸಕರು ಕೊನೆಯ ವಿದ್ಯಾರ್ಥಿ ಹೊರಡುವ ತನಕ ಇರಬೇಕು. ಈ ಎರಡು ಇಲ್ಲ ಅಂದರೆ ನೀವು ಕಳಿಸಬೇಡಿ, ನಮ್ಮದೇನೂ ಬೇಜಾರಿಲ್ಲ.

## ದಿನ ಮತ್ತು ಜಾಗ

ಯಾವ ತಿಂಗಳು ಇಟ್ಟರೆ ಜನ ಬರ್ತಾರೆ?

ಕ್ಯಾಲೆಂಡರ್‌ನಲ್ಲಿ ರಜೆ ನೋಡುವ ಮೊದಲು ಊರಿನ ಕೆಲಸ ನೋಡಿ. ಘಟ್ಟದ ಮೇಲೆ, ಅಂದರೆ ಸಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ, ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ಗಡಿಬಿಡಿ. ಬೋರ್ಡೋ ಸಿಂಪರಣೆಗೆ ಒಂದು ಹೊಳವು (ಮಳೆಯ ಬಿಡುವು) ಸಿಕ್ಕಿದ ದಿನ ಯಾವ ರೈತರೂ ನಿಮ್ಮ ವಿಚಾರ ಸಂಕಿರಣಕ್ಕೆ ಬರುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕಾಲ. ಹಗಲು ತೋಟ, ರಾತ್ರಿ ಅಡಿಕೆ ಸುಲಿಯುವುದು. ಹಾಗಾಗಿ ಅಡಿಕೆ ಬೆಳೆಗಾರರ ಸಭೆಗೆ ಅಕ್ಟೋಬರ್ ಇಲ್ಲವೇ ಮಾರ್ಚ್ ನಂತರದ ದಿನ ವಾಸಿ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟಿನವರು ಊರಲ್ಲಿರುತ್ತಾರೆ, ಬಲೆ ನೇಯುವ, ದುರಸ್ತಿ ಮಾಡುವ ಕಾಲ. ಸುರಕ್ಷತೆ, ವಿಮೆ, ಸಾಲದ ಮಾಹಿತಿ ಸಭೆಗಳಿಗೆ ಇದು ಒಳ್ಳೆಯ ಹೊತ್ತು, ಒಳಾಂಗಣದಲ್ಲಿ ಮಾತ್ರ. ಆಗಸ್ಟ್ ಬಂತು ಅಂದರೆ ಅವರು ಸಿಗುವುದಿಲ್ಲ.

ಇನ್ನು ಸಿರಸಿಯ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ, 2022, 2024 ಹೀಗೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ ಬರುತ್ತದೆ. ಆ ದಿನಗಳಲ್ಲಿ ಬಾಡಿಗೆ ಶಾಮಿಯಾನ ಇಲ್ಲ, ಅಡುಗೆಯವರು ಇಲ್ಲ, ಪೊಲೀಸರಿಗೆ ಪುರಸೊತ್ತಿಲ್ಲ. ಜಾತ್ರೆ ನಡೆಯುವ ಬಿಡಕಿ ಬೈಲಿನಲ್ಲಿ ಅಮ್ಮನೇ ಕೂತಿರುವಾಗ ನಿಮ್ಮ ಕಾರ್ಯಕ್ರಮಕ್ಕೆ ಯಾರು ಬರ್ತಾರೆ, ಅಲ್ವಾ? ಜಾತ್ರೆ ಮುಗಿದು ಎರಡು ವಾರ ಬಿಟ್ಟು ಇಡಿ.

ಊರಿನ ಬಯಲಾಟ, ಬಂಡಿಹಬ್ಬ, ಮದುವೆ ಮುಹೂರ್ತಗಳನ್ನು ಸಂಸ್ಥೆಯವರೇ ಹೇಳುತ್ತಾರೆ. ಪರೀಕ್ಷೆ ನಿಮಗೇ ಗೊತ್ತು.

ಕಾರವಾರದ ಟಾಗೋರ್ ಬೀಚಲ್ಲಿ ಇಟ್ಕೊಳ್ಳೋಣ್ವಾ? ಫೋಟೋ ಚೆನ್ನಾಗಿ ಬರ್ತದೆ

ಫೋಟೋ ಚೆನ್ನಾಗಿ ಬರುತ್ತದೆ, ಮಾತು ಕೇಳುವುದಿಲ್ಲ. ಸಂಜೆಯ ಗಾಳಿ ಮೈಕಿನೊಳಗೆ ನುಗ್ಗುತ್ತದೆ, ಬ್ಯಾನರ್ ಹಾರುತ್ತದೆ, ಕುರ್ಚಿಯ ಕಾಲು ಮರಳಿಗೆ ಇಳಿಯುತ್ತದೆ. ಹಾಡು, ಕುಣಿತ, ಮಕ್ಕಳ ಆಟ, ಚಿತ್ರ ಬಿಡಿಸುವುದು ಇವಕ್ಕೆ ಬೀಚ್ ಸರಿ. ಭಾಷಣ, ತರಬೇತಿ, ಚರ್ಚೆ ಇದ್ದರೆ ಜಿಲ್ಲಾ ರಂಗಮಂದಿರವೋ ನಿಮ್ಮ ಕಾಲೇಜಿನ ಸಭಾಂಗಣವೋ ಸಾಕು.

ಬೀಚಲ್ಲೇ ಬೇಕು ಎಂದಾದರೆ ಜಿಲ್ಲಾಡಳಿತದ ಅನುಮತಿ ಬೇಕು. ಪತ್ರ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಇರಲಿ, ಪ್ರಾಂಶುಪಾಲರ ಪತ್ರ ಜೊತೆಗಿರಲಿ. ಪತ್ರದಲ್ಲಿ ದಿನ, ಗಂಟೆ, ಬರುವ ಜನ, ವೇದಿಕೆಯ ಅಳತೆ, ಕರೆಂಟ್ ಎಲ್ಲಿಂದ, ಕಸ ಯಾರು ಒಯ್ಯುತ್ತಾರೆ, ಇಷ್ಟು ಬರೆಯಿರಿ. ಚಾಪೆಲ್ ಯುದ್ಧನೌಕೆ ವಸ್ತುಸಂಗ್ರಹಾಲಯದ ಸುತ್ತ ಪ್ರವಾಸಿಗರ ಗಾಡಿ ತುಂಬಿರುತ್ತದೆ, ಹಾಗಾಗಿ ಪಾರ್ಕಿಂಗ್ ಎಲ್ಲಿ ಎಂದೂ ಬರೆಯಬೇಕು. ಡ್ರೋನ್ ಹಾರಿಸುವ ಆಸೆ ಬಿಡಿ. ಪಕ್ಕದಲ್ಲೇ ನೌಕಾನೆಲೆ ಇದೆ.

ಭರತದ (ಕಡಲಿನ ಉಬ್ಬರದ) ಹೊತ್ತು ನೋಡದೆ ಶಾಮಿಯಾನದ ಗೂಟ ಹೊಡೆಯಬೇಡಿ. ನೀರಿಗೆ ಯಾರೂ ಇಳಿಯಬಾರದು ಎಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು. ಇಬ್ಬರು ಸ್ವಯಂಸೇವಕರಿಗೆ ಆ ಒಂದೇ ಕೆಲಸ ಕೊಡಿ.

ಮೈಕಿಗೆ ಪರ್ಮಿಶನ್ ಬೇಕಾ?

ಬೇಕು, ಪೊಲೀಸ್ ಠಾಣೆಯಿಂದ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ನಲವತ್ತು ಜನರ ಸಭೆಗೆ ಮೈಕ್ ಬೇಕೇ ಎಂದು ಒಮ್ಮೆ ಯೋಚಿಸಿ.

## ದುಡ್ಡು, ಊಟ, ಬ್ಯಾನರ್

ದುಡ್ಡು ಯಾರು ಹಾಕ್ತಾರೆ? ನಾವು ಕೈಯಿಂದ ಹಾಕ್ಬೇಕಾ?

ವಿದ್ಯಾರ್ಥಿಗಳು ಕೈಯಿಂದ ಹಾಕಬಾರದು. ಇದು ನಾನು ಬಿಟ್ಟುಕೊಡದ ಮಾತು. "ಎಲ್ಲರೂ ನೂರು ನೂರು ಹಾಕೋಣ" ಎಂದಾಗ ಹಾಕಲು ಆಗದ ಹುಡುಗ ಆ ದಿನ ಕಾಲೇಜಿಗೇ ಬರುವುದಿಲ್ಲ.

ಸಂಸ್ಥೆ ಎಷ್ಟು ಕೊಡುತ್ತದೆ, ಕಾಲೇಜು ಎಷ್ಟು ಕೊಡುತ್ತದೆ ಎಂದು ಮೊದಲ ಎರಡು ಭೇಟಿಯಲ್ಲೇ ಕೇಳಿ ಬರೆದುಕೊಳ್ಳಿ. ಉಳಿದದ್ದಕ್ಕೆ ಪ್ರಾಯೋಜಕರು. ವಸ್ತು ರೂಪದಲ್ಲಿ ಕೇಳಿದರೆ ನಮ್ಮ ಕಡೆ ಜನ ಬೇಗ ಒಪ್ಪುತ್ತಾರೆ. ಶಾಮಿಯಾನದವರು ಅರ್ಧ ಬಾಡಿಗೆ ಬಿಡುತ್ತಾರೆ, ಬೇಕರಿಯವರು ತಿಂಡಿ ಕೊಡುತ್ತಾರೆ, ಪ್ರಿಂಟಿಂಗ್ ಪ್ರೆಸ್ಸಿನವರು ಕಾಗದದ ಖರ್ಚಿಗೆ ಕರಪತ್ರ ಹೊಡೆದುಕೊಡುತ್ತಾರೆ. ಹಾಗೆ ಬಂದದ್ದರ ಬೆಲೆಯನ್ನೂ ಲೆಕ್ಕದಲ್ಲಿ ತೋರಿಸಿ. ಇಲ್ಲದಿದ್ದರೆ ಮುಂದಿನ ವರ್ಷದವರು "ಶಾಮಿಯಾನ ಇಷ್ಟು ಅಗ್ಗವಾ" ಎಂದು ಮೋಸ ಹೋಗುತ್ತಾರೆ.

ವಂತಿಗೆಯ ರಸೀದಿ ಸಂಸ್ಥೆಯ ಹೆಸರಿನಲ್ಲಿ ಇರಬೇಕು. ವಿದ್ಯಾರ್ಥಿಯೊಬ್ಬನ ಸ್ವಂತ ಖಾತೆಯ ಕ್ಯೂಆರ್ ಕೋಡ್ ಅಂಟಿಸಿ ದುಡ್ಡು ಸಂಗ್ರಹಿಸಬೇಡಿ. ಅವನು ಎಷ್ಟೇ ಪ್ರಾಮಾಣಿಕನಾದರೂ ಆಮೇಲೆ ಮಾತು ಬರುತ್ತದೆ. ಸಂಸ್ಥೆಗೆ 80ಜಿ ನೋಂದಣಿ ಇದ್ದರೆ ಒಂದು ಸಂಗತಿ ನೆನಪಿಡಿ: 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಿ ಎಂದು ಮೊದಲೇ ಹೇಳಿ.

ಕೈಗಾ ಅಣುಸ್ಥಾವರದವರ ಸಿಎಸ್‌ಆರ್ ದುಡ್ಡು ಕೇಳಿದ್ರೆ ಸಿಗತ್ತಾ?

ಕಾರವಾರ ತಾಲೂಕಿನ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ ಇದು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಇಡಬೇಕು, ಅದೇ ಸಿಎಸ್‌ಆರ್. ಆದರೆ ಮ್ಯಾರಥಾನ್, ಪ್ರಶಸ್ತಿ ಸಮಾರಂಭದಂಥ ಒಂದು ದಿನದ ಕಾರ್ಯಕ್ರಮ ಈ ಖರ್ಚಿನಲ್ಲಿ ಸೇರುವುದಿಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸ್ಪಷ್ಟಪಡಿಸಿದೆ. ಹಾಗಾಗಿ ಯಾವ ಕಂಪನಿಯ ಬಾಗಿಲಿಗೆ ಹೋದರೂ "ಒಂದು ದಿನದ ಮೇಳಕ್ಕೆ ಕೊಡಿ" ಎಂಬ ಅರ್ಜಿ ನಿಲ್ಲುವುದಿಲ್ಲ. ಸಂಸ್ಥೆಗೆ ವರ್ಷವಿಡೀ ನಡೆಯುವ ಯೋಜನೆ ಇದ್ದು, ನಿಮ್ಮ ಕಾರ್ಯಕ್ರಮ ಅದರ ಒಂದು ತುಂಡು ಆಗಿದ್ದರೆ ಮಾತು ಬೇರೆ. ಆಗಲೂ ಅರ್ಜಿ ಹಾಕಬೇಕಾದವರು ಸಂಸ್ಥೆಯವರು, ನೀವಲ್ಲ.

ಊಟ ಹೊರಗಿಂದ ತರ್ಸೋದಾ, ನಾವೇ ಮಾಡೋದಾ?

ಸಂಸ್ಥೆಯಲ್ಲಿ ಅಡುಗೆ ಮಾಡಿ ಮಾರುವ ಗುಂಪು ಇದ್ದರೆ ಅವರಿಗೇ ಕೊಡಿ, ಪೂರ್ತಿ ದರ ಕೊಟ್ಟು. "ನಿಮ್ಮದೇ ಕಾರ್ಯಕ್ರಮ ಅಲ್ವಾ, ಸ್ವಲ್ಪ ಕಡಿಮೆ ಮಾಡಿ" ಎಂದು ಚೌಕಾಶಿ ಮಾಡುವ ಜಾಗ ಇದಲ್ಲ.

ಅರ್ಧ ದಿನದ ಕಾರ್ಯಕ್ರಮಕ್ಕೆ ಊಟ ಬೇಡವೇ ಬೇಡ. ಅವಲಕ್ಕಿ, ಬಾಳೆಹಣ್ಣು, ಬೇಸಿಗೆಯಾದರೆ ಮುರುಗಲು ಪಾನಕ. ಪೂರ್ತಿ ದಿನವಾದರೆ ಸಸ್ಯಾಹಾರ ಇಡಿ, ಎಲ್ಲರೂ ಒಟ್ಟಿಗೆ ಕೂರಬಹುದು. ಮೀನಿಲ್ಲದ ಊಟಕ್ಕೆ ಕಾರವಾರದವರು ಮುಖ ಸಣ್ಣದು ಮಾಡುತ್ತಾರೆ ನಿಜ, ಒಂದು ದಿನ ಸಹಿಸಿಕೊಳ್ಳಲಿ. ನೀರಿಗೆ ಸ್ಟೀಲ್ ಲೋಟ, ತಿಂಡಿಗೆ ಅಡಿಕೆ ಹಾಳೆಯ ತಟ್ಟೆ. ಲೋಟ ತೊಳೆಯುವವರಿಗೆ ಕೂಲಿ ಇಡಲು ಮರೆಯಬೇಡಿ, ಇಲ್ಲದಿದ್ದರೆ ಆ ಕೆಲಸ ಸುಮ್ನೆ ಹುಡುಗಿಯರ ತಲೆಗೆ ಬರುತ್ತದೆ.

ಫ್ಲೆಕ್ಸ್ ಹಾಕ್ಬಹುದಾ? ಥರ್ಮಾಕೋಲ್ ಅಕ್ಷರ?

ಎರಡೂ ಬೇಡ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ 2016ರಿಂದ ಇದೆ. 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಾದ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಲೋಟ, ಚಮಚ, ತಟ್ಟೆ ಎಲ್ಲ ಇವೆ. ಬಟ್ಟೆಯ ಬ್ಯಾನರ್ ಬರೆಸಿ. ಇಸವಿ, ದಿನಾಂಕ ಹಾಕದೆ ಬರೆಸಿದರೆ ಸಂಸ್ಥೆಗೆ ಮೂರು-ನಾಲ್ಕು ವರ್ಷ ಉಪಯೋಗಕ್ಕೆ ಬರುತ್ತದೆ.

## ಕೆಲವು ಕಾರ್ಯಕ್ರಮಗಳ ಒಳಸುಳಿ

ಬೀಚ್ ಕ್ಲೀನಿಂಗ್ ಸುಲಭ ಅಲ್ವಾ? ಗ್ಲೌಸ್, ಚೀಲ ಇದ್ರೆ ಆಯ್ತು

ಹೆಕ್ಕುವುದು ಸುಲಭ. ಹೆಕ್ಕಿದ ಕಸ ಎಲ್ಲಿಗೆ ಹೋಗುತ್ತದೆ ಎಂಬುದು ಕಷ್ಟ. ಚೀಲಗಳನ್ನು ರಸ್ತೆ ಬದಿಗೆ ಸಾಲಾಗಿ ಇಟ್ಟು ಫೋಟೋ ತೆಗೆದು ಹೋದರೆ ರಾತ್ರಿ ನಾಯಿಗಳು ಎಳೆದಾಡಿ ಬೆಳಿಗ್ಗೆ ಮತ್ತೆ ಅದೇ ತೀರ. ನಗರಸಭೆ ಅಥವಾ ಪಂಚಾಯಿತಿಯ ಗಾಡಿ ಎಷ್ಟು ಗಂಟೆಗೆ ಬರುತ್ತದೆ ಎಂದು ಖಚಿತವಾಗುವ ತನಕ ದಿನ ಗೊತ್ತು ಮಾಡಬೇಡಿ. ಬಾಟಲಿ, ಗಾಜು, ಚಪ್ಪಲಿ, ಬಲೆಯ ತುಂಡು ಬೇರೆ ಬೇರೆ ಚೀಲಕ್ಕೆ ಹೋಗಲಿ. ಗಾಜಿಗೆ ಗೋಣಿಚೀಲ ಸಾಲದು, ಡಬ್ಬಿ ಬೇಕು. ದಡದಲ್ಲಿ ಒಣಗಲು ಹಾಕಿದ ಬಲೆಯನ್ನು ಕಸ ಎಂದು ತುಂಬಿಕೊಂಡು ಹೋದರೆ ಜಗಳ ಗ್ಯಾರಂಟಿ, ಆದ್ದರಿಂದ ಮೀನುಗಾರರ ಕೇರಿಯ ಒಬ್ಬರು ಜೊತೆಗಿರಲಿ.

ಜಗತ್ತಿನಾದ್ಯಂತ ಕರಾವಳಿ ಸ್ವಚ್ಛತಾ ದಿನ ಸೆಪ್ಟೆಂಬರ್‌ನ ಮೂರನೇ ಶನಿವಾರ. ನಮ್ಮಲ್ಲಿ ಆಗ ಕಡಲು ಇನ್ನೂ ಪೂರ್ತಿ ತಣ್ಣಗಾಗಿರುವುದಿಲ್ಲ. ಅದೇ ದಿನ ಮಾಡಲೇಬೇಕು ಎಂಬ ಹಟ ಬೇಡ, ಅಕ್ಟೋಬರ್‌ನಲ್ಲಿ ಮಾಡಿದರೂ ಕಸ ಕಾಯುತ್ತಿರುತ್ತದೆ.

ಡಿಸೆಂಬರ್ ನಂತರವಾದರೆ ಕಡಲಾಮೆಯ ವಿಚಾರ ಬರುತ್ತದೆ. ಹೊನ್ನಾವರದ ಕಾಸರಕೋಡು, ಟೊಂಕ ಸೇರಿ ನಮ್ಮ ಹಲವು ತೀರಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ಮರಿ ಹೊರಬರಲು 45ರಿಂದ 60 ದಿನ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆ ಈ ಆಮೆಗಿದೆ. ಮೊದಲೇ ಅರಣ್ಯ ಇಲಾಖೆಯವರನ್ನು ಕರೆದು ಗೂಡಿನ ಜಾಗ ಕೇಳಿಕೊಳ್ಳಿ. ಅಲ್ಲಿ ಕುಂಟೆ ಎಳೆಯುವುದು, ಗಾಡಿ ಇಳಿಸುವುದು, ರಾತ್ರಿ ದೀಪ ಹಾಕುವುದು ಯಾವುದೂ ಬೇಡ.

ರಕ್ತದಾನ ಶಿಬಿರಕ್ಕೆ ಎಷ್ಟು ಜನ ಹೆಸರು ಕೊಟ್ರೆ ಸಾಕು?

ಹೆಸರು ಕೊಟ್ಟವರೆಲ್ಲ ಕೊಡಲು ಆಗುವುದಿಲ್ಲ ಎಂದು ಎಣಿಸಿಯೇ ಪಟ್ಟಿ ಮಾಡಿ. ವಯಸ್ಸು 18 ತುಂಬಿರಬೇಕು. ಮೊದಲ ವರ್ಷದ ಪದವಿಯಲ್ಲಿ 17ರವರು ಇನ್ನೂ ಇರುತ್ತಾರೆ, ಜನ್ಮದಿನಾಂಕ ನೋಡಿ. ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರಿಗೆ ಎರಡು ದಾನದ ನಡುವೆ 3 ತಿಂಗಳು, ಹೆಂಗಸರಿಗೆ 4 ತಿಂಗಳು. ಹಚ್ಚೆ ಹಾಕಿಸಿಕೊಂಡು ವರ್ಷ ಆಗದವರು ಕೊಡುವಂತಿಲ್ಲ. ಖಾಲಿ ಹೊಟ್ಟೆಯಲ್ಲಿ ಬರಬಾರದು. ಹಳ್ಳಿಯಿಂದ ಏಳು ಗಂಟೆಯ ಬಸ್ಸಿಗೆ ಬರುವವರು ತಿಂದಿರುವುದಿಲ್ಲ, ಅವರಿಗೆ ಮೊದಲೇ ತಿಂಡಿ ಕೊಡಿ.

ಶಿಬಿರ ನಡೆಸುವುದು ಪರವಾನಗಿ ಇರುವ ರಕ್ತಕೇಂದ್ರ. ಅವರ ಒಪ್ಪಿಗೆ, ಅವರ ದಿನ, ಅವರು ಒಂದು ದಿನಕ್ಕೆ ತೆಗೆದುಕೊಳ್ಳಬಹುದಾದ ಯೂನಿಟ್, ಇವು ಮೊದಲು. ಜಾಸ್ತಿ ಯೂನಿಟ್ ಎಂಬ ದಾಖಲೆಯ ಹುಚ್ಚು ಬೇಡ. ರಕ್ತದ ಕೆಂಪುಕಣ ತಿಂಗಳುಗಟ್ಟಲೆ ಕೆಡದೆ ಉಳಿಯುವುದಿಲ್ಲ. ಒಂದೇ ದಿನ ನೂರು ಜನ ಕೊಟ್ಟು ವರ್ಷವಿಡೀ ಸುಮ್ಮನಿರುವುದಕ್ಕಿಂತ, ಮೂರು ತಿಂಗಳಿಗೊಮ್ಮೆ ಇಪ್ಪತ್ತೈದು ಜನ ಕೊಟ್ಟರೆ ಆಸ್ಪತ್ರೆಗೆ ಅನುಕೂಲ. ಹಿಮೋಗ್ಲೋಬಿನ್ ಕಡಿಮೆ ಬಂದು ವಾಪಸ್ ಹೋಗುವ ಹುಡುಗಿಯರ ಹೆಸರನ್ನು ಗಟ್ಟಿಯಾಗಿ ಕೂಗಬೇಡಿ. ಒಬ್ಬ ವೈದ್ಯರೋ ನರ್ಸೋ ಪಕ್ಕಕ್ಕೆ ಕರೆದು ಮಾತಾಡಿಸುವ ಏರ್ಪಾಡು ಇರಲಿ.

ನಮ್ಮ ಸಂಘದ ಹಪ್ಪಳ, ಉಪ್ಪಿನಕಾಯಿ ಮೇಳದಲ್ಲಿ ಉಳಿದ್ರೆ ಯಾರು ತಗೊಳ್ತಾರೆ?

ಇದು ಸಂಘದ ಅಕ್ಕನವರು ಕೇಳುವ ಪ್ರಶ್ನೆ, ನ್ಯಾಯವಾದದ್ದು. ಉತ್ತರವನ್ನು ಮೇಳದ ಮೊದಲೇ ಬರೆದಿಡಬೇಕು. ನಾವು ಮಾಡುವುದು ಹೀಗೆ: ಕಾಲೇಜಿನ ಸಿಬ್ಬಂದಿ ಮತ್ತು ಪಾಲಕರಿಂದ ಮುಂಗಡ ಬೇಡಿಕೆ ಪಡೆದು, ಅಷ್ಟಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ತಯಾರು ಮಾಡಲು ಹೇಳುವುದು. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಉಳಿದರೆ ಅಂಗಡಿಗೆ ಹೋಗುತ್ತದೆ. ತೊಡದೇವು ತೆಳ್ಳಗಿನ ಸಿಹಿ ತಿಂಡಿ, ಬೇಗ ಮುರಿಯುತ್ತದೆ, ತೇವಕ್ಕೆ ಮೆತ್ತಗಾಗುತ್ತದೆ. ಅದನ್ನು ಅಲ್ಲೇ ಎದುರಿಗೆ ಎರೆದು ಬಿಸಿಬಿಸಿ ಮಾರಿ, ನೋಡುವ ಜನಕ್ಕೇ ಅರ್ಧ ವ್ಯಾಪಾರ ಆಗುತ್ತದೆ. ಪೊಟ್ಟಣದ ಆಹಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಂಖ್ಯೆ, ತಯಾರಿಸಿದ ದಿನಾಂಕ ಬೇಕು. ನೋಂದಣಿ ಇಲ್ಲದ ಗುಂಪಿಗೆ ಮೇಳಕ್ಕಿಂತ ಮೊದಲು ಆ ಅರ್ಜಿ ತುಂಬಿಕೊಡುವುದೇ ನೀವು ಮಾಡಬಹುದಾದ ದೊಡ್ಡ ಸಹಾಯ.

ಮಾರುವವರು ಸಂಘದವರೇ ಆಗಿರಲಿ. ನೀವು ಸ್ಟಾಲಿನ ಒಳಗೆ ನಿಂತು ಮಾರಿಬಿಟ್ಟರೆ ಗಿರಾಕಿಯ ಪರಿಚಯ ನಿಮಗಾಗುತ್ತದೆ, ಅವರಿಗಾಗುವುದಿಲ್ಲ.

ಉದ್ಘಾಟನೆಗೆ ಹಾಲಕ್ಕಿ ಸುಗ್ಗಿ ಕುಣಿತ, ಸಿದ್ದಿಯವರ ಡಮಾಮಿ ಇಡ್ಬಹುದಾ?

ಕೇಳಬಹುದು, ಆದರೆ "ಹತ್ತು ನಿಮಿಷ ಅತಿಥಿ ಬರುವ ತನಕ" ಎಂದು ಕೇಳಬೇಡಿ. ಸುಗ್ಗಿ ಹೋಳಿ ಹುಣ್ಣಿಮೆಯ ಹೊತ್ತಿನದು, ಅದಕ್ಕೆ ಅವರದೇ ಕಟ್ಟುಕಟ್ಟಳೆ ಇದೆ. ಬೇರೆ ಕಾಲದಲ್ಲಿ ವೇದಿಕೆಗೆ ಬರುವುದು ಬಿಡುವುದು ಊರಿನ ಹಿರಿಯರ ತೀರ್ಮಾನ. ಇಲ್ಲ ಅಂದರೆ ಒತ್ತಾಯ ಮಾಡಬೇಡಿ. ಬರುತ್ತೇವೆ ಅಂದರೆ ಸಂಭಾವನೆ, ಗಾಡಿ, ಊಟ, ಬಟ್ಟೆ ಬದಲಿಸುವ ಕೋಣೆ ನಿಮ್ಮ ಜವಾಬ್ದಾರಿ. ಶಾಲು, ಹಣ್ಣಿನ ಬುಟ್ಟಿ ಸಂಭಾವನೆಯ ಬದಲಿಗೆ ಅಲ್ಲ. ಅಂಕೋಲೆಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದ ಮೇಲೆ ಹಾಲಕ್ಕಿ ಹಾಡು ಎಂದರೆ ಎಲ್ಲರಿಗೂ ಗೊತ್ತು. ಹಾಡುವವರ ದಿನದ ಕೂಲಿ ತಪ್ಪುತ್ತದೆ ಎಂಬುದು ಎಷ್ಟು ಜನರಿಗೆ ಗೊತ್ತು?

## ಎಲ್ಲ ಸರಿ ಇದ್ದಾಗಲೂ ತಲೆ ತಿನ್ನುವ ಪ್ರಶ್ನೆಗಳು

ಅತಿಥಿಗಳು ತಡ ಮಾಡಿದ್ರೆ ಎಂತ ಮಾಡೋದು? ವೇದಿಕೆ ಮೇಲೆ ಎಷ್ಟು ಜನ ಕೂರ್ಸೋದು?

ನಮ್ಮ ಕಾರ್ಯಕ್ರಮಗಳು ಹಾಳಾಗುವುದು ಮಳೆಯಿಂದಲ್ಲ, ವೇದಿಕೆಯಿಂದ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಉದ್ಘಾಟಕರ ಮಾತು, ನಾಲ್ಕು ಮುಖ್ಯ ಅತಿಥಿಗಳ ಮಾತು, ಅಧ್ಯಕ್ಷೀಯ ನುಡಿ, ಸನ್ಮಾನ, ವಂದನಾರ್ಪಣೆ. ಇಷ್ಟು ಮುಗಿಯುವಾಗ ಒಂದು ಗಂಟೆ. ತರಬೇತಿ ಕೊಡಲು ಬಂದವರಿಗೆ ಉಳಿಯುವುದು ಊಟದ ಮೊದಲಿನ ಇಪ್ಪತ್ತು ನಿಮಿಷ.

ನನ್ನ ಲೆಕ್ಕ: ವೇದಿಕೆ ಮೇಲೆ ನಾಲ್ಕು ಜನ, ಸಭಾ ಕಾರ್ಯಕ್ರಮ ಮೂವತ್ತು ನಿಮಿಷ. ಉಳಿದ ಗಣ್ಯರಿಗೆ ಮೊದಲ ಸಾಲು, ನಿರೂಪಕಿ ಹೆಸರು ಹೇಳಿ ಗೌರವಿಸಲಿ. ಹೆಸರು, ಹುದ್ದೆ, ಇನಿಶಿಯಲ್ ಸಂಸ್ಥೆಯವರಿಂದಲೇ ಬರೆಸಿಕೊಳ್ಳಿ. ಇನಿಶಿಯಲ್ ತಪ್ಪಿದ ಆಮಂತ್ರಣ ಪತ್ರಿಕೆ ವರ್ಷಗಟ್ಟಲೆ ನೆನಪಿರುತ್ತದೆ. ಸರ್ಕಾರಿ ಕಾರ್ಯಕ್ರಮವಾದರೆ ಶಿಷ್ಟಾಚಾರದ ಪಟ್ಟಿ ಇಲಾಖೆಯವರೇ ಕೊಡುತ್ತಾರೆ, ಅದರ ಗೋಜಿಗೆ ನೀವು ಹೋಗಬೇಡಿ.

ತಡವಾದರೆ ಕಾಯಬೇಡಿ, ಕೆಲಸ ಶುರು ಮಾಡಿ. ರಕ್ತದಾನವಾದರೆ ನೋಂದಣಿ, ಮೇಳವಾದರೆ ಮಾರಾಟ, ತರಬೇತಿಯಾದರೆ ಮೊದಲ ಪಾಠ. ಅತಿಥಿ ಬಂದಾಗ ನಡೆಯುತ್ತಿರುವ ಕೆಲಸ ನಿಲ್ಲಿಸಿ ಹತ್ತು ನಿಮಿಷ ಉದ್ಘಾಟನೆ ಮಾಡಿ ಮುಂದುವರಿಸಿ. ಹೀಗೆ ಮಾಡುತ್ತೇವೆ ಎಂದು ಆಮಂತ್ರಣ ಕೊಡುವಾಗಲೇ ನಗುತ್ತ ಹೇಳಿಬಿಡಬೇಕು. ಹೆಚ್ಚಿನವರು ಬೇಜಾರು ಮಾಡಿಕೊಳ್ಳುವುದಿಲ್ಲ, ಎಷ್ಟೋ ಜನ ಬೇಗ ಬರುತ್ತಾರೆ.

ಹಿಂದಿನ ದಿನ ರೆಡ್ ಅಲರ್ಟ್ ಬಂತು. ಎಲ್ಲ ರೆಡಿ ಆಗಿದೆ, ಎಂತ ಮಾಡೋಣ?

ಮುಂದೂಡಿ. ಚರ್ಚೆ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಅದೇ ವರ್ಷ ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಇಂಥ ರಸ್ತೆಗಳ ಮೇಲೆ ಮಕ್ಕಳನ್ನು, ಜನರನ್ನು ಕರೆಸುವಷ್ಟು ತುರ್ತಿನ ಕಾರ್ಯಕ್ರಮ ಯಾವುದೂ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್ ನಡುವಿನ ಯಾವುದೇ ಕಾರ್ಯಕ್ರಮಕ್ಕೆ ಎರಡನೇ ದಿನಾಂಕವನ್ನು ಮೊದಲೇ ಗೊತ್ತು ಮಾಡಿ. ಸಭಾಂಗಣ, ಶಾಮಿಯಾನ, ಅಡುಗೆಯವರ ಜೊತೆ "ಮಳೆಗೆ ಮುಂದೂಡಿದರೆ ಮುಂಗಡ ಉಳಿಯುತ್ತದೆ" ಎಂದು ಬರೆಸಿಕೊಳ್ಳಿ. ಯಾರು ತೀರ್ಮಾನ ಹೇಳಬೇಕು, ಎಷ್ಟು ಗಂಟೆಯೊಳಗೆ ಹೇಳಬೇಕು ಎಂದೂ ಇರಲಿ. ಸಂಜೆ ಐದರೊಳಗೆ ಹೇಳಿದರೆ ಹಳ್ಳಿಯವರಿಗೆ ಸುದ್ದಿ ಮುಟ್ಟುತ್ತದೆ. ನೆಟ್‌ವರ್ಕ್ ಇಲ್ಲದ ಊರುಗಳಿಗೆ ವಾಟ್ಸಾಪ್ ನಂಬಬೇಡಿ, ಹಾಲಿನ ಡೇರಿಗೋ ಸೊಸೈಟಿಗೋ ಫೋನ್ ಮಾಡಿ.

ಒಪ್ಪಂದ ಪತ್ರ ಅಂತ ಮಾಡ್ಲೇಬೇಕಾ? ನಂಬಿಕೆ ಸಾಕಾಗಲ್ವಾ?

ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗಾಗಿ ಕಾಲೇಜುಗಳು ಮಾಡಿಕೊಳ್ಳುವ ದೊಡ್ಡ ಒಡಂಬಡಿಕೆ ಬೇರೆ. ಅದು ಕಪಾಟಿನಲ್ಲಿ ಇರುತ್ತದೆ. ನಿಮಗೆ ಬೇಕಾದದ್ದು ಒಂದು ಪುಟದ ಪತ್ರ: ಯಾರು ಏನು ಮಾಡುತ್ತಾರೆ, ಯಾರು ಎಷ್ಟು ಕೊಡುತ್ತಾರೆ, ನಷ್ಟವಾದರೆ ಯಾರದು, ಉಳಿದರೆ ಯಾರಿಗೆ, ಎರಡೂ ಕಡೆ ಮಾತಾಡಬೇಕಾದ ಒಬ್ಬೊಬ್ಬರ ಹೆಸರು. ಕನ್ನಡದಲ್ಲಿ ಬರೆಯಿರಿ, ಸಂಘದ ಎಲ್ಲ ಸದಸ್ಯರ ಎದುರು ಓದಿ ಹೇಳಿ. ಮಾತಿನ ಮೇಲೆ ನಡೆದ ಕಾರ್ಯಕ್ರಮದಲ್ಲಿ ಉಳಿದ ದುಡ್ಡಿನ ವಿಷಯಕ್ಕೇ ಮನಸ್ತಾಪ ಬರುವುದು, ನಷ್ಟಕ್ಕಲ್ಲ.

ನೀವು ಒಪ್ಕೊಂಡು ಆಮೇಲೆ ಹುಡುಗ್ರು ಕೈಬಿಟ್ರೆ ನಮ್ಮ ಗತಿ ಏನು?

ಸಂಸ್ಥೆಯವರ ಈ ಅನುಮಾನಕ್ಕೆ ಕಾರಣ ಇದೆ. ಪರೀಕ್ಷೆ ಮುಂದೆ ಹೋಗುತ್ತದೆ, ಕ್ರೀಡಾಕೂಟ ಬರುತ್ತದೆ, ಮುಖ್ಯ ಹುಡುಗನಿಗೆ ಜ್ವರ. ಆದ್ದರಿಂದ ಪ್ರತಿ ಕೆಲಸಕ್ಕೂ ಇಬ್ಬರು, ಅದರಲ್ಲಿ ಒಬ್ಬರು ಕಿರಿಯ ತರಗತಿಯವರು. ಹತ್ತು ದಿನ ಮೊದಲು ಒಂದು ಪರಿಶೀಲನೆ ಇಟ್ಟುಕೊಳ್ಳಿ. ಆ ಹೊತ್ತಿಗೆ ಅನುಮತಿ ಪತ್ರ, ಜಾಗ, ಮುಖ್ಯ ವ್ಯಕ್ತಿ ಈ ಮೂರು ಖಚಿತವಾಗಿರದಿದ್ದರೆ ಕಾರ್ಯಕ್ರಮ ಚಿಕ್ಕದು ಮಾಡಿ ಅಥವಾ ಮುಂದೂಡಿ ಎಂದು ಹೇಳುವ ಹಕ್ಕು ಸಂಸ್ಥೆಗೆ ಇದೆ. ಅವರು ಹಾಗೆ ಹೇಳಿದರೆ ಮುಖ ಊದಿಸಿಕೊಳ್ಳಬೇಡಿ.

ಶಾಲೆ ಮಕ್ಕಳ ಫೋಟೋ ಇನ್‌ಸ್ಟಾಗ್ರಾಂಗೆ ಹಾಕ್ಬಹುದಾ?

ಪಾಲಕರ ಲಿಖಿತ ಒಪ್ಪಿಗೆ ಇಲ್ಲದೆ ಬೇಡ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯ ದೃಷ್ಟಿಯಲ್ಲಿ 18ರ ಕೆಳಗಿನವರೆಲ್ಲ ಮಕ್ಕಳೇ. ಕಾಲೇಜಿನ ವರದಿಗೆ ಬೇಕಾದ ಜಿಯೋ ಟ್ಯಾಗ್ ಫೋಟೋಗಳನ್ನು ಹಿಂದಿನಿಂದ, ಗುಂಪಾಗಿ ತೆಗೆಯಿರಿ. ಆರೋಗ್ಯ ಶಿಬಿರದ ಸಾಲಿನಲ್ಲಿ ನಿಂತವರ ಮುಖ, ಉಚಿತ ಪುಸ್ತಕ ತೆಗೆದುಕೊಳ್ಳುತ್ತಿರುವ ಮಗುವಿನ ಮುಖ ಯಾರಿಗೂ ಬೇಕಾಗಿಲ್ಲ.

ಸರ್ಟಿಫಿಕೇಟ್ ಯಾವಾಗ ಸಿಗತ್ತೆ?

ಲೆಕ್ಕ ಒಪ್ಪಿಸಿದ ಮೇಲೆ. ಕಾರ್ಯಕ್ರಮ ಮುಗಿದು ಏಳು ದಿನದೊಳಗೆ ಬಿಲ್ಲುಗಳು, ಉಳಿದ ಹಣ, ಬಂದ ವಸ್ತುಗಳ ಪಟ್ಟಿ ಸಂಸ್ಥೆಯ ಕೈಗೆ ಹೋಗಬೇಕು, ಅವರ ಸಹಿ ಬರಬೇಕು.

ಈ ವರ್ಷದವರು ಪಾಸಾಗಿ ಹೋದ್ರೆ ಮುಂದಿನ ವರ್ಷ ಮತ್ತೆ ಸೊನ್ನೆಯಿಂದ ಶುರು ಮಾಡೋದಾ?

ಬಹಳ ಕಡೆ ಹಾಗೇ ಆಗುತ್ತದೆ. ಮೂರನೇ ವರ್ಷದವರಿಗೆ ಎಲ್ಲ ಗೊತ್ತಿರುತ್ತದೆ, ಮೇ ತಿಂಗಳಲ್ಲಿ ಅವರು ಬೆಂಗಳೂರಿಗೋ ಗೋವಾಕ್ಕೋ ಹೋಗುತ್ತಾರೆ. ಆಗಸ್ಟ್‌ನಲ್ಲಿ ಹೊಸಬರು ಅದೇ ಸಂಘಕ್ಕೆ ಹೋಗಿ "ನಿಮ್ಮ ಸಂಸ್ಥೆ ಏನು ಮಾಡ್ತದೆ?" ಎಂದು ಕೇಳುತ್ತಾರೆ. ಸಂಘದ ಅಕ್ಕನವರು ಎಷ್ಟು ಸಲ ಹೇಳಿಯಾರು?

ಅದಕ್ಕೆ ಒಂದು ಹಸ್ತಾಂತರದ ಫೈಲ್ ಇಡಿ. ಚಂದದ ವರದಿ ಬೇಕಿಲ್ಲ. ಅನುಮತಿ ಪತ್ರಗಳ ಪ್ರತಿ, ಯಾವ ಕಚೇರಿಯ ಯಾವ ಟೇಬಲ್ಲಿಗೆ ಎಷ್ಟು ದಿನ ಹಿಡಿಯಿತು, ನಿಜವಾದ ಖರ್ಚು, ಯಾವ ಶಾಮಿಯಾನದವರು ಸಮಯಕ್ಕೆ ಬಂದರು, ಎಷ್ಟು ಜನ ಬರುತ್ತಾರೆಂದುಕೊಂಡಿದ್ದಿರಿ, ಎಷ್ಟು ಜನ ಬಂದರು, ಮುಗಿದ ಮೂರು ತಿಂಗಳ ಮೇಲೆ ಸಂಸ್ಥೆಗೆ ಅದರಿಂದ ಏನಾಯಿತು. ಈ ಕೊನೆಯ ಸಾಲನ್ನು ಬರೆಯಲು ಯಾರಾದರೂ ಮತ್ತೊಮ್ಮೆ ಅಲ್ಲಿಗೆ ಹೋಗಬೇಕಾಗುತ್ತದೆ. ಎರಡನೇ ವರ್ಷದವರನ್ನು ಕಳಿಸಿ, ಅವರ ಪರಿಚಯವೂ ಆಗುತ್ತದೆ. ಫೈಲಿನ ಒಂದು ಪ್ರತಿ ವಿಭಾಗದಲ್ಲಿ, ಇನ್ನೊಂದು ಸಂಸ್ಥೆಯಲ್ಲಿ. ಮೊಬೈಲಿನಲ್ಲಿ ಮಾತ್ರ ಇಟ್ಟುಕೊಂಡ ಫೈಲ್ ಆ ಮೊಬೈಲಿನ ಜೊತೆಗೇ ಬೆಂಗಳೂರಿಗೆ ಹೋಗುತ್ತದೆ.